ಸೆಂಟ್ರಿಂಗ್ ಇಲ್ಲದ ಗುಮ್ಮಟ: ಫ್ಲಾರೆನ್ಸಿನ ಪುನರುಜ್ಜೀವನದ ಒಂದು ಪ್ರಕರಣ ಅಧ್ಯಯನ

ಯುರೋಪಿನ ಪುನರುಜ್ಜೀವನವನ್ನು ನಾವು ಶಾಲೆಯಲ್ಲಿ ಓದಿದ ಕ್ರಮ ಬಹುಮಟ್ಟಿಗೆ ಒಂದೇ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, ಗ್ರೀಕ್ ವಿದ್ವಾಂಸರು ಹಸ್ತಪ್ರತಿಗಳನ್ನು ಹೊತ್ತು ಇಟಲಿಗೆ ಬಂದರು, ಅಲ್ಲಿಂದ ಹೊಸ ಕಲೆಯೂ ಹೊಸ ವಿಜ್ಞಾನವೂ ಹುಟ್ಟಿದವು. ಪರೀಕ್ಷೆಯಲ್ಲಿ ಅಂಕ ಪಡೆಯಲು ಇಷ್ಟು ಸಾಕಾಗಿತ್ತು. ಆದರೆ ಪುನರುಜ್ಜೀವನದ ಅತಿ ದೊಡ್ಡ ಕಟ್ಟಡಸಾಹಸವೆಂದು ಎಲ್ಲರೂ ಒಪ್ಪುವ ಫ್ಲಾರೆನ್ಸ್ ಮಹಾಚರ್ಚಿನ ಗುಮ್ಮಟ 1436ರಲ್ಲೇ, ಅಂದರೆ ಆ ಪತನಕ್ಕೆ 17 ವರ್ಷ ಮೊದಲೇ ಮುಗಿದಿತ್ತು ಎಂಬುದನ್ನು ಗಮನಿಸಿದರೆ ಆ ಕ್ರಮ ಕಾಲಲೆಕ್ಕಕ್ಕೇ ನಿಲ್ಲುವುದಿಲ್ಲ. ಗ್ರೀಕ್ ಕಲಿಕೆ ಮುಖ್ಯವಾಗಿತ್ತು, ಸಂಶಯವಿಲ್ಲ. ಮಾನ್ಯುಯೆಲ್ ಕ್ರಿಸೊಲೊರಾಸ್ ಎಂಬ ವಿದ್ವಾಂಸ ಫ್ಲಾರೆನ್ಸಿಗೆ ಬಂದು ಗ್ರೀಕ್ ಪಾಠ ಆರಂಭಿಸಿದ್ದು 1397ರಲ್ಲೇ. ಆದರೂ ಪುಸ್ತಕಗಳು ಬಂದವು, ಆದ್ದರಿಂದ ಜಗತ್ತು ಬದಲಾಯಿತು ಎಂಬ ವಿವರಣೆಯಲ್ಲಿ ಇಟ್ಟಿಗೆ ಹೊತ್ತವರಿಗೂ ಹಗ್ಗ ಹೊಸೆದವರಿಗೂ ಲೆಕ್ಕ ಹಾಕಿದ ಅಕ್ಕಸಾಲಿಗನಿಗೂ ಜಾಗವೇ ಇಲ್ಲ. ಈ ಒಂದು ಗುಮ್ಮಟದ ಕಥೆಯನ್ನು ಹತ್ತಿರದಿಂದ ನೋಡಿದರೆ, ಪುಸ್ತಕ ಬಲ್ಲವನೂ ಕಸುಬು ಬಲ್ಲವನೂ ಒಂದೇ ಸಾರುವೆಯ ಮೇಲೆ ನಿಂತಾಗ ಕಲೆ, ವಿಜ್ಞಾನ ಮತ್ತು ವಿಚಾರಗಳು ಒಟ್ಟಿಗೆ ಬದಲಾದ ಬಗೆ ಸ್ಪಷ್ಟವಾಗುತ್ತದೆ.

ಆಕಾಶಕ್ಕೆ ತೆರೆದ ಚರ್ಚು

ಸಾಂತಾ ಮಾರಿಯಾ ದೆಲ್ ಫಿಯೋರೆ ಎಂಬ ಈ ಮಹಾಚರ್ಚಿನ ಕೆಲಸ 1296ರಲ್ಲಿ ಅರ್ನೋಲ್ಫೊ ದಿ ಕಾಂಬಿಯೊನ ಕೈಯಲ್ಲಿ ಆರಂಭವಾಯಿತು. ಖರ್ಚಿನ ಮತ್ತು ಮೇಲ್ವಿಚಾರಣೆಯ ಹೊಣೆ ನಗರದ ಬಲಿಷ್ಠ ಉಣ್ಣೆ ವರ್ತಕರ ಸಂಘದ್ದಾಯಿತು. 1348ರ ಪ್ಲೇಗು ನಗರದ ಸುಮಾರು ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಕೆಲಸ ನಿಂತಿತು, ಮತ್ತೆ ಹಿಡಿಯಿತು. 1367ರಲ್ಲಿ ನೆರಿ ದಿ ಫಿಯೊರವಾಂತಿ ಮುಂತಾದ ಮೇಸ್ತ್ರಿಗಳು ಮುಂದಿಟ್ಟ ಒಂದು ಮಾದರಿಯನ್ನು ನಗರ ಒಪ್ಪಿಕೊಂಡಿತು. ಎಂಟು ಮೂಲೆಯ, ಎರಡು ಪದರದ, ಹೊರಗಿನಿಂದ ಯಾವ ಆಸರೆ ಕಮಾನೂ ಇಲ್ಲದ ಗುಮ್ಮಟ ಅದರಲ್ಲಿತ್ತು. ಮುಂದಿನ ಮೇಲ್ವಿಚಾರಕರೆಲ್ಲ ಆ ಮಾದರಿಗೆ ಬದ್ಧರಾಗಿರುವುದಾಗಿ ಪ್ರಮಾಣ ಮಾಡುವುದೂ ರೂಢಿಯಾಯಿತು.

ಈ ಒಪ್ಪಿಗೆಯೇ ನನಗೆ ಇಡೀ ಪ್ರಕರಣದ ಅತ್ಯಂತ ಧೀರವಾದ ಕ್ಷಣವಾಗಿ ಕಾಣುತ್ತದೆ. ಫ್ರಾನ್ಸಿನಲ್ಲಾಗಲಿ ಜರ್ಮನಿಯಲ್ಲಾಗಲಿ ಎತ್ತರದ ಚರ್ಚು ಕಟ್ಟುವವರು ಗೋಡೆಗಳು ಹೊರಕ್ಕೆ ಬಾಗದಂತೆ ಹೊರಗಿನಿಂದ ಕಲ್ಲಿನ ಆಸರೆ ಕಮಾನುಗಳನ್ನು ಕೊಡುತ್ತಿದ್ದರು. ಆ ಗೋಥಿಕ್ ದಾರಿ ಪರಿಚಿತವಾಗಿತ್ತು, ನಂಬಿಕೆಗೆ ಅರ್ಹವೂ ಆಗಿತ್ತು. ಫ್ಲಾರೆನ್ಸಿನವರು ಅದನ್ನು ಬೇಡವೆಂದರು, ಆದರೆ ಬದಲಿ ದಾರಿ ಯಾವುದೆಂದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಗೋಡೆಗಳು ಏರಿದವು, 15ನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಗುಮ್ಮಟ ಕೂರಬೇಕಾದ ಎಂಟು ಮೂಲೆಯ ಕಟ್ಟು ಕೂಡ ಸಿದ್ಧವಾಗಿ, ನೆಲದಿಂದ 50 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಅಡ್ಡಳತೆಯಲ್ಲಿ 40 ಮೀಟರ್ ಮೀರಿದ ಒಂದು ಬಾಯಿ ಆಕಾಶಕ್ಕೆ ತೆರೆದುಕೊಂಡು ನಿಂತಿತು. ವಿಜಯಪುರದ ಗೋಳಗುಮ್ಮಟದ ಕೆಳಗೆ ನಿಂತು ಕತ್ತೆತ್ತಿ ನೋಡಿದವರಿಗೆ ಈ ಅಳತೆಯ ಅಂದಾಜು ಸಿಗುತ್ತದೆ: ಎರಡು ಶತಮಾನಕ್ಕೂ ಹೆಚ್ಚು ಕಾಲದ ನಂತರ, ಒಂದನ್ನೊಂದು ಹಾಯುವ ಕಮಾನುಗಳೆಂಬ ಸಂಪೂರ್ಣ ಬೇರೆ ಉಪಾಯದಿಂದ ಕಟ್ಟಿದ ಆ ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್.

ತೊಡಕು ಇದ್ದದ್ದು ಸೆಂಟ್ರಿಂಗಿನಲ್ಲಿ. ಕಮಾನು ಕಟ್ಟುವಾಗ ನಡುವಿನ ಕೀಲುಗಲ್ಲು ಕೂರುವ ತನಕ ಕಲ್ಲುಗಳು ತಾವಾಗಿ ನಿಲ್ಲುವುದಿಲ್ಲ. ಕೆಳಗೆ ಮರದ ಚೌಕಟ್ಟು ಕೊಟ್ಟು, ಗಾರೆ ಒಣಗಿದ ಮೇಲೆ ಅದನ್ನು ಬಿಚ್ಚಬೇಕು. ಇದು ನಮ್ಮ ಊರಿನ ಗಾರೆ ಕೆಲಸದವರಿಗೂ ಗೊತ್ತಿರುವ ಸಂಗತಿ. ಆದರೆ ಅಷ್ಟು ಎತ್ತರದಲ್ಲಿ, ಅಷ್ಟು ಅಗಲಕ್ಕೆ ಸೆಂಟ್ರಿಂಗ್ ಕೊಡಬೇಕಾದರೆ ಬೇಕಾಗುವ ಮರವನ್ನು ತರುವುದೆಲ್ಲಿಂದ, ಆ ಮರದ ಕಟ್ಟು ತನ್ನದೇ ಭಾರವನ್ನು ತಾಳುವುದು ಹೇಗೆ, ಕೊನೆಗೆ ಅದನ್ನು ಬಿಚ್ಚಿ ಇಳಿಸುವವರು ಯಾರು ಎಂಬ ಯಾವ ಪ್ರಶ್ನೆಗೂ ಉತ್ತರವಿರಲಿಲ್ಲ.

ಅಕ್ಕಸಾಲಿಗ

1418ರ ಆಗಸ್ಟಿನಲ್ಲಿ ಸ್ಪರ್ಧೆ ಘೋಷಣೆಯಾಯಿತು. ಗುಮ್ಮಟ ಕಟ್ಟುವ ಮಾದರಿಯನ್ನು ಕೊಟ್ಟವನಿಗೆ 200 ಚಿನ್ನದ ಫ್ಲೋರಿನ್ ಬಹುಮಾನ. ಮುಂದೆ ಬಂದವರಲ್ಲಿ ಫಿಲಿಪ್ಪೊ ಬ್ರುನೆಲೆಸ್ಕಿ ಒಬ್ಬ. 1377ರಲ್ಲಿ ಪತ್ರ-ದಸ್ತಾವೇಜು ಬರೆಯುವ ನೋಟರಿಯೊಬ್ಬನ ಮಗನಾಗಿ ಹುಟ್ಟಿದ ಇವನು ಕಲಿತದ್ದು ಅಕ್ಕಸಾಲಿಗನ ಕಸುಬನ್ನು. ಕಲ್ಲುಕುಟಿಗರ ಸಂಘಕ್ಕೂ ಇವನಿಗೂ ಸಂಬಂಧವಿರಲಿಲ್ಲ. 1401ರಲ್ಲಿ ಚರ್ಚಿನ ಎದುರಿಗಿರುವ ದೀಕ್ಷಾಸ್ನಾನ ಮಂದಿರದ ಕಂಚಿನ ಬಾಗಿಲಿಗಾಗಿ ನಡೆದ ಸ್ಪರ್ಧೆಯಲ್ಲಿ ಇವನೂ ಇನ್ನೊಬ್ಬ ಅಕ್ಕಸಾಲಿಗ ಲೊರೆಂಜೊ ಗಿಬೆರ್ಟಿಯೂ ಕೊನೆಯ ಸುತ್ತಿಗೆ ಉಳಿದು, ಕೆಲಸ ಗಿಬೆರ್ಟಿಗೆ ದಕ್ಕಿತ್ತು. ಇಬ್ಬರೂ ಮಾಡಿದ ಫಲಕಗಳು ಇಂದಿಗೂ ಫ್ಲಾರೆನ್ಸಿನ ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿವೆ. ಮಗನ ಕೊರಳಿಗೆ ಕತ್ತಿಯಿಟ್ಟ ಬೈಬಲಿನ ಅಬ್ರಹಾಮನ ಕೈಯನ್ನು ದೇವದೂತ ಬಲವಾಗಿ ಹಿಡಿದೆಳೆಯುವ ಬ್ರುನೆಲೆಸ್ಕಿಯ ಫಲಕ, ಸೋತವನ ಕೆಲಸವೆಂದು ತಳ್ಳಿಹಾಕುವಂಥದ್ದಲ್ಲ.

ಆ ಬಳಿಕ ಅವನು ಶಿಲ್ಪಿ ಡೊನಾಟೆಲ್ಲೊ ಜೊತೆ ರೋಮಿಗೆ ಹೋಗಿ ಹಾಳುಬಿದ್ದ ಕಟ್ಟಡಗಳನ್ನು ಅಳೆದನೆಂದು ಅವನ ಮೊದಲ ಜೀವನಚರಿತ್ರೆಕಾರ ಆಂಟೋನಿಯೊ ಮನೆಟ್ಟಿ ಬರೆಯುತ್ತಾನೆ. ರೋಮಿನ ಪಾಂಥಿಯನ್ ಗುಮ್ಮಟದ ಅಡ್ಡಳತೆ 43 ಮೀಟರಿಗಿಂತ ತುಸು ಹೆಚ್ಚು, ಅಂದರೆ ಫ್ಲಾರೆನ್ಸಿಗೆ ಬೇಕಾಗಿದ್ದ ಅಳತೆಗೆ ತೀರ ಹತ್ತಿರ. ಆದರೆ ಅದು ಕಾಂಕ್ರೀಟಿನಲ್ಲಿ ಎರಕ ಹೊಯ್ದ, ತಳದಲ್ಲಿ ದಪ್ಪ ಗೋಡೆಯ ಮೇಲೆ ಕೂತ, ದುಂಡನೆಯ ಗುಮ್ಮಟ. ಅದನ್ನು ಕಟ್ಟಲು ಮರದ ಅಚ್ಚು ಬೇಕಾಗಿತ್ತು. ಫ್ಲಾರೆನ್ಸಿನ ಗೋಡೆಯಾದರೋ ಎಂಟು ಮೂಲೆಯದು, ನೆಲದಿಂದ ಬಹು ಎತ್ತರದ್ದು, ಆ ಕಾಂಕ್ರೀಟಿನ ಭಾರಕ್ಕಾಗಿ ಎಣಿಸಿ ಕಟ್ಟಿದ್ದೂ ಅಲ್ಲ. ಆದ್ದರಿಂದ ಪ್ರಾಚೀನ ರೋಮ್ ಬ್ರುನೆಲೆಸ್ಕಿಗೆ ಇಷ್ಟು ದೊಡ್ಡದನ್ನು ಮನುಷ್ಯರು ಕಟ್ಟಿದ್ದರು ಎಂಬ ಧೈರ್ಯವನ್ನು ಕೊಟ್ಟಿತು, ಕಟ್ಟುವ ದಾರಿಯನ್ನು ಕೊಡಲಿಲ್ಲ. ಪುನರುಜ್ಜೀವನವನ್ನು ಹಳೆಯದರ ಮರಳಿಕೆ ಎಂದು ಕರೆಯುವಾಗ ನಾವು ಈ ವ್ಯತ್ಯಾಸವನ್ನು ಮರೆಯುತ್ತೇವೆ.

ಸೆಂಟ್ರಿಂಗ್ ಇಲ್ಲದೆಯೇ ಕಟ್ಟುತ್ತೇನೆಂದು ಅವನು ಹೇಳಿದಾಗ ಮೇಲ್ವಿಚಾರಕರು ಸುಲಭವಾಗಿ ನಂಬಲಿಲ್ಲ. ಡೊನಾಟೆಲ್ಲೊ ಮತ್ತು ನಾನ್ನಿ ದಿ ಬಾಂಕೊ ಎಂಬ ಶಿಲ್ಪಿಗಳ ನೆರವಿನಿಂದ ಅವನು ಇಟ್ಟಿಗೆ ಗಾರೆಯಲ್ಲೇ ಒಂದು ಮಾದರಿ ಕಟ್ಟಿ ತೋರಿಸಿದ. ಊರಿನ ಒಂದು ಚಿಕ್ಕ ಚರ್ಚಿನ ಗುಡಿಗೆ ಅದೇ ಕ್ರಮದಲ್ಲಿ ಸಣ್ಣ ಗುಮ್ಮಟ ಕಟ್ಟಿಯೂ ತೋರಿಸಿದ. 1420ರಲ್ಲಿ ಅವನನ್ನೂ ಗಿಬೆರ್ಟಿಯನ್ನೂ ಮೇಸ್ತ್ರಿ ಬತ್ತಿಸ್ತಾ ದ'ಆಂಟೋನಿಯೊನನ್ನೂ ಒಟ್ಟಿಗೆ ನೇಮಿಸಿ ಆಗಸ್ಟ್ 7ರಂದು ಕೆಲಸ ಆರಂಭಿಸಲಾಯಿತು. ಇಬ್ಬರು ಅಕ್ಕಸಾಲಿಗರಿಗೂ ವರ್ಷಕ್ಕೆ 36 ಫ್ಲೋರಿನ್. 1426ರಲ್ಲಿ ಬ್ರುನೆಲೆಸ್ಕಿಯ ಸಂಬಳ 100 ಫ್ಲೋರಿನ್‌ಗೆ ಏರಿತು. ಗಿಬೆರ್ಟಿಯ ಪಾತ್ರ ಕ್ರಮೇಣ ಕಿರಿದಾಯಿತು.

ಅದೇ 1420ರಲ್ಲಿ ಬರೆದಿಟ್ಟ ಕಾಮಗಾರಿ ವಿವರಪಟ್ಟಿಯಲ್ಲಿ ಒಂದು ಮಾತಿದೆ. ಗುಮ್ಮಟದ ಮೊದಲ 30 ಬ್ರಾಚೊ ಎತ್ತರವನ್ನು, ಅಂದರೆ ಸುಮಾರು 17.5 ಮೀಟರನ್ನು, ಸೆಂಟ್ರಿಂಗ್ ಇಲ್ಲದೆ ಹೇಗೆ ಕಟ್ಟಬೇಕೆಂದು ವಿವರವಾಗಿ ಹೇಳಿದ ಆ ಪಟ್ಟಿ, ಅದಕ್ಕಿಂತ ಮೇಲಿನದನ್ನು ಆಗ ಸೂಕ್ತವೆನಿಸಿದಂತೆ ನಿರ್ಧರಿಸತಕ್ಕದ್ದು, ಏಕೆಂದರೆ ಕಟ್ಟಡದ ಕೆಲಸದಲ್ಲಿ ಮುಂದಿನ ದಾರಿಯನ್ನು ಕಲಿಸುವುದು ಅನುಭವವೇ ಎಂಬ ಅರ್ಥದ ಮಾತನ್ನು ಸೇರಿಸುತ್ತದೆ. ಕಾಮಗಾರಿಯ ಒಪ್ಪಂದ ಬರೆದವರಿಗೆ ಗೊತ್ತು, ಇಂಥ ವಾಕ್ಯವನ್ನು ಯಾವ ಇಲಾಖೆಯೂ ಸುಲಭವಾಗಿ ಬರೆಸುವುದಿಲ್ಲ. ಇಷ್ಟು ತಿಳಿದಿದೆ, ಇದರಾಚೆಗೆ ಮಾಡಿ ನೋಡಿ ತಿಳಿಯೋಣ ಎಂದು ಒಂದು ನಗರ ತನ್ನ ದಾಖಲೆಯಲ್ಲಿ ಬರೆದುಕೊಂಡದ್ದನ್ನು ನಾನು ಆ ಕಾಲದ ವಿಚಾರಕ್ರಾಂತಿಯ ಮುಖ್ಯ ಪುರಾವೆಯಾಗಿ ಎಣಿಸುತ್ತೇನೆ. ಮಾಡಿ ನೋಡಿ ತಿಳಿಯುವುದನ್ನೇ ವಿಜ್ಞಾನದ ದಾರಿಯಾಗಿಸಿದ ಗೆಲಿಲಿಯೊ ಹುಟ್ಟಲು ಇನ್ನೂ 144 ವರ್ಷವಿತ್ತು.

ಇಟ್ಟಿಗೆಯ ವರಸೆ

ಬ್ರುನೆಲೆಸ್ಕಿಯ ಉಪಾಯ ಒಂದಲ್ಲ, ಹಲವು. ದುಂಡನೆಯ ಗುಮ್ಮಟದಲ್ಲಿ ಒಂದೊಂದು ಸುತ್ತು ಮುಗಿದಾಗ ಇಟ್ಟಿಗೆಗಳು ಒಂದಕ್ಕೊಂದು ಒತ್ತಿ ನಿಂತು ಉಂಗುರದಂತೆ ತಾವೇ ಗಟ್ಟಿಯಾಗುತ್ತವೆ. ಒಳಕ್ಕೆ ಬೀಳಲು ಅವಕ್ಕೆ ಜಾಗವಿರುವುದಿಲ್ಲ. ಎಂಟು ಮೂಲೆಯ ಗುಮ್ಮಟಕ್ಕೆ ಈ ಗುಣವಿಲ್ಲ. ಅದರ ಚಪ್ಪಟೆ ಮುಖಗಳ ನಡುವಿನ ಭಾಗ ಒಳಕ್ಕೆ ಬಾಗುತ್ತದೆ. ಒಳಪದರವನ್ನು ತಳದಲ್ಲಿ 2 ಮೀಟರಿಗೂ ಮಿಕ್ಕಿ ದಪ್ಪ ಮಾಡಿದ್ದರಿಂದ, ಹೊರಗಿನಿಂದ ಎಂಟು ಮೂಲೆಯಾಗಿ ಕಾಣುವ ಗೋಡೆಯ ದಪ್ಪದೊಳಗೇ ಒಂದು ದುಂಡು ಉಂಗುರ ಅಡಗಿ ಕೂರಲು ಸಾಧ್ಯವಾಯಿತು. ಹೊರಪದರ ತೆಳು. ಎರಡರ ನಡುವೆ ಮನುಷ್ಯ ನಡೆಯುವಷ್ಟು ಸಂದು. ಮೇಲಕ್ಕೆ ಹತ್ತುವ ಪ್ರವಾಸಿಗರು ಇಂದು 463 ಮೆಟ್ಟಿಲುಗಳ ಕೊನೆಯ ಭಾಗವನ್ನು ಹತ್ತುವುದು ಇದೇ ಸಂದಿನಲ್ಲಿ. ಎರಡೂ ಪದರವನ್ನು ಮೂಲೆಗಳಲ್ಲಿ 8, ಮುಖಗಳಲ್ಲಿ 16, ಹೀಗೆ ಒಟ್ಟು 24 ಏಣುಗಳು ಹಿಡಿದಿವೆ. ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿದಂತೆ, ಕಬ್ಬಿಣದ ಕೊಂಡಿಗಳಿಂದ ಜೋಡಿಸಿದ ಮರಳುಗಲ್ಲಿನ ತೊಲೆಗಳ ಸರಪಳಿಗಳೂ ಮರದ ಒಂದು ಸರಪಳಿಯೂ ಗುಮ್ಮಟವನ್ನು ಸುತ್ತುವರಿದಿವೆ.

ಇಷ್ಟಾದರೂ ಒಂದು ವರಸೆಯ ಗಾರೆ ಹಸಿಯಾಗಿರುವಾಗ, ಉಂಗುರ ಇನ್ನೂ ಕೂಡದಿರುವಾಗ, ಒಳಕ್ಕೆ ಇಳಿಜಾರಾದ ಇಟ್ಟಿಗೆ ಜಾರದಂತೆ ಹಿಡಿಯುವುದು ಹೇಗೆ? ಇದಕ್ಕೆ ಅವನು ಇಟ್ಟಿಗೆಯ ಜೋಡಣೆಯನ್ನೇ ಬದಲಿಸಿದ. ಅಡ್ಡಲಾಗಿ ಮಲಗಿಸಿದ ಕೆಲವು ಇಟ್ಟಿಗೆಗಳ ಬಳಿಕ ಒಂದನ್ನು ನೆಟ್ಟಗೆ ನಿಲ್ಲಿಸುವುದು. ಅದು ಕೆಳಗಿನ ಒಣಗಿದ ವರಸೆಯಲ್ಲಿ ಸಿಕ್ಕಿಕೊಂಡು ಮೇಲಿನ ಹಸಿ ವರಸೆಯಲ್ಲಿ ತಲೆಯೆತ್ತಿರುತ್ತದೆ. ಹಾಗೆ ನಿಂತ ಎರಡು ಇಟ್ಟಿಗೆಗಳ ನಡುವೆ ಮಲಗಿದ ಇಟ್ಟಿಗೆಗಳು, ಪುಸ್ತಕದ ಕಪಾಟಿನಲ್ಲಿ ಎರಡು ಒತ್ತುಗಳ ನಡುವೆ ಸಿಕ್ಕ ಪುಸ್ತಕಗಳಂತೆ, ಜಾರಲಾರವು. ವರಸೆಯಿಂದ ವರಸೆಗೆ ಈ ನಿಂತ ಇಟ್ಟಿಗೆಗಳು ಓರೆಯಾಗಿ ಸರಿಯುತ್ತ ಮೇಲೇರುವುದರಿಂದ ಗೋಡೆಯ ಮೇಲೆ ಮೀನಿನ ಮುಳ್ಳಿನಂಥ ವಿನ್ಯಾಸ ಮೂಡುತ್ತದೆ; ಅದನ್ನು ಅಲ್ಲಿಯವರು ಕರೆಯುವುದೂ ಮೀನುಮುಳ್ಳು ಎಂದೇ. ಪದರಗಳ ನಡುವಿನ ಸಂದಿನಲ್ಲಿ ಹತ್ತುವವರು ಅದನ್ನು ಕೈಯಿಂದ ಮುಟ್ಟಬಹುದು. ಹೀಗೆ 40 ಲಕ್ಷಕ್ಕೂ ಹೆಚ್ಚು ಇಟ್ಟಿಗೆಗಳು ಸೇರಿದವು. ಇಷ್ಟು ದೊಡ್ಡದಾದ ಇಟ್ಟಿಗೆಯ ಗುಮ್ಮಟ ಆ ಬಳಿಕ ಜಗತ್ತಿನಲ್ಲಿ ಇನ್ನೊಂದು ಎದ್ದಿಲ್ಲ.

ಇಟ್ಟಿಗೆ ಮೇಲೇರಿಸುವುದು ಬೇರೆಯೇ ಪ್ರಶ್ನೆ. ಗಾಣದೆತ್ತನ್ನು ಕಂಡವರಿಗೆ ಇದರ ತೊಡಕು ಬೇಗ ಅರ್ಥವಾಗುತ್ತದೆ. ಎತ್ತು ಸುತ್ತುವಾಗ ಹಗ್ಗ ಸುತ್ತಿಕೊಂಡು ಹೊರೆ ಮೇಲೇರುತ್ತದೆ, ಸರಿ. ಹಗ್ಗವನ್ನು ಕೆಳಗಿಳಿಸಬೇಕಾದರೆ ಪ್ರತಿ ಸಲವೂ ಎತ್ತಿನ ನೊಗ ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟಬೇಕು. ಬ್ರುನೆಲೆಸ್ಕಿ ನೆಟ್ಟಗೆ ನಿಂತ ದಂಡಕ್ಕೆ ಮೇಲೊಂದು ಕೆಳಗೊಂದು ಹಲ್ಲುಚಕ್ರ ಕೂರಿಸಿ, ತಿರುಪಿನಿಂದ ದಂಡವನ್ನು ತುಸು ಏರಿಸಿ ಇಳಿಸುವಂತೆ ಮಾಡಿದ. ಮೇಲಿನ ಚಕ್ರ ಕಚ್ಚಿಕೊಂಡರೆ ಹೊರೆ ಏರುತ್ತದೆ, ಕೆಳಗಿನದು ಕಚ್ಚಿಕೊಂಡರೆ ಇಳಿಯುತ್ತದೆ; ಎತ್ತು ಮಾತ್ರ ಒಂದೇ ದಿಕ್ಕಿನಲ್ಲಿ ನಡೆಯುತ್ತಲೇ ಇರುತ್ತದೆ. ಹಗ್ಗ ಸುತ್ತುವ ದಿಂಡುಗಳ ಗಾತ್ರ ಬೇರೆ ಬೇರೆಯಾದ್ದರಿಂದ ಹಗುರ ಹೊರೆಯನ್ನು ಬೇಗ, ಭಾರದ್ದನ್ನು ನಿಧಾನ ಎತ್ತಬಹುದಿತ್ತು. 1421ರಲ್ಲಿ ಕೆಲಸಕ್ಕಿಳಿದ ಈ ಯಂತ್ರ ವರ್ಷಗಟ್ಟಲೆ ದುಡಿಯಿತು. ಗುಮ್ಮಟದ ಮೇಲಿನ ಶಿಖರದ ಕೆಲಸ ನಡೆಯುತ್ತಿದ್ದಾಗಲೂ ಅವನ ಯಂತ್ರಗಳು ಅಲ್ಲಿದ್ದವು, ಹೊಸ ಪೀಳಿಗೆ ಅವನ್ನು ನೋಡಿ ಕಲಿಯಿತು. 1471ರಲ್ಲಿ ತುತ್ತತುದಿಗೆ ತಾಮ್ರದ ಗೋಳವನ್ನು ಏರಿಸಿದ್ದು ಶಿಲ್ಪಿ ವೆರೊಕ್ಕಿಯೊನ ಕಾರ್ಖಾನೆ. ಅಲ್ಲಿ ಕಲಿಯುತ್ತಿದ್ದ ಲಿಯೊನಾರ್ಡೊ ದ ವಿಂಚಿಯ ಟಿಪ್ಪಣಿಗಳಲ್ಲಿ ಬ್ರುನೆಲೆಸ್ಕಿಯ ಯಂತ್ರಗಳ ಚಿತ್ರಗಳಿವೆ. ಆ ಗೋಳಕ್ಕೆ ಬೆಸುಗೆ ಹಾಕಿದ ಬಗೆಯನ್ನು ನೆನಪಿಟ್ಟುಕೊ ಎಂದು ಅವನು ಮುಪ್ಪಿನಲ್ಲಿ ತನಗೆ ತಾನೇ ಬರೆದುಕೊಂಡಿದ್ದಾನೆ. ಈ ಗುಮ್ಮಟದ ನೆರಳು ಅವನ ತಲೆಯಿಂದ ಎಂದೂ ಸರಿಯಲಿಲ್ಲ.

ತೂತಿದ್ದ ಫಲಕ

ಇದೇ ಮನುಷ್ಯ, ಗುಮ್ಮಟದ ಕೆಲಸದ ಹಿಂದುಮುಂದಿನ ವರ್ಷಗಳಲ್ಲಿ, ಚಿತ್ರಕಲೆಯನ್ನೂ ಬದಲಿಸಿದ. ಮಹಾಚರ್ಚಿನ ಬಾಗಿಲೊಳಗೆ ನಿಂತು ಎದುರಿನ ದೀಕ್ಷಾಸ್ನಾನ ಮಂದಿರವನ್ನು ಅವನು ಒಂದು ಗೇಣಿಗಿಂತ ತುಸು ದೊಡ್ಡದಾದ ಫಲಕದ ಮೇಲೆ ಬರೆದ. ಆಕಾಶವಿರಬೇಕಾದಲ್ಲಿ ಬಣ್ಣ ಹಾಕದೆ ಉಜ್ಜಿ ಹೊಳಪಿಸಿದ ಬೆಳ್ಳಿಯನ್ನು ಹಚ್ಚಿದ. ಫಲಕದಲ್ಲಿ ಒಂದು ತೂತು. ಚಿತ್ರದ ಕಡೆಗೆ ಚನ್ನಂಗಿ ಬೇಳೆಯಷ್ಟು ಕಿರಿದಾಗಿ, ಹಿಂಬದಿಗೆ ಅಗಲವಾಗಿ. ನೋಡುವವನು ಫಲಕದ ಹಿಂಬದಿಯಿಂದ ತೂತಿಗೆ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ನೋಡಬೇಕು. ಬೆಳ್ಳಿಯಲ್ಲಿ ನಿಜವಾದ ಮೋಡಗಳು ಗಾಳಿಗೆ ತೇಲುವುದು ಕಾಣುತ್ತಿತ್ತು, ನೋಡುತ್ತಿರುವುದು ನಿಜವನ್ನೇ ಎನ್ನಿಸುತ್ತಿತ್ತು, ಆ ಫಲಕವನ್ನು ನಾನೇ ಕೈಯಲ್ಲಿ ಹಿಡಿದು ಎಷ್ಟೋ ಸಲ ನೋಡಿದ್ದೇನೆ ಎಂದು ಮನೆಟ್ಟಿ ಸಾಕ್ಷಿ ಹೇಳುತ್ತಾನೆ. ಫಲಕ ಈಗ ಉಳಿದಿಲ್ಲ.

ಆ ತೂತು ಇದ್ದದ್ದು ಚಮತ್ಕಾರಕ್ಕಲ್ಲ. ಒಂದೇ ಕಣ್ಣು, ಒಂದೇ ಜಾಗದಿಂದ ನೋಡಬೇಕೆಂಬ ಷರತ್ತು ಅದು. ಕಣ್ಣಿನ ಜಾಗ ಗೊತ್ತಾದರೆ ದೂರದ ವಸ್ತು ಎಷ್ಟು ಕಿರಿದಾಗಿ ಕಾಣಬೇಕೆಂಬುದು ರೇಖಾಗಣಿತದ ಲೆಕ್ಕವಾಗುತ್ತದೆ. ಸುಮಾರು 1427ರಲ್ಲಿ ಮಸಾಚೊ ಎಂಬ ಯುವ ಚಿತ್ರಕಾರ ಸಾಂತಾ ಮಾರಿಯಾ ನೊವೆಲ್ಲಾ ಚರ್ಚಿನ ಗೋಡೆಯ ಮೇಲೆ ಬರೆದ ತ್ರಿತ್ವದ ಚಿತ್ರದಲ್ಲಿ, ಗೋಡೆಯನ್ನೇ ಕೊರೆದು ಕಮಾನಿನ ಕೋಣೆ ಮಾಡಿದಂತೆ ಕಾಣುವುದು ಈ ಲೆಕ್ಕದಿಂದಲೇ. 1435ರಲ್ಲಿ ವಿದ್ವಾಂಸ ಲಿಯೋನ್ ಬತ್ತಿಸ್ತಾ ಆಲ್ಬೆರ್ಟಿ ಚಿತ್ರಕಲೆಯ ಮೇಲೆ ಗ್ರಂಥ ಬರೆದು ಈ ಲೆಕ್ಕಕ್ಕೆ ಬರಹದ ರೂಪ ಕೊಟ್ಟ. ಅದರ ಇಟಾಲಿಯನ್ ಪಾಠವನ್ನು ಬ್ರುನೆಲೆಸ್ಕಿಗೆ ಅರ್ಪಿಸಿದ. ಆ ಅರ್ಪಣೆಯಲ್ಲಿ ಅವನು, ತನ್ನ ನೆರಳಿನಿಂದ ಟಸ್ಕನಿಯ ಸಮಸ್ತ ಜನರನ್ನೂ ಮುಚ್ಚಬಲ್ಲಷ್ಟು ವಿಶಾಲವಾದ, ಮರದ ಆಸರೆಯಿಲ್ಲದೆ ಎದ್ದ ಈ ಕಟ್ಟಡದಂಥದ್ದು ಪ್ರಾಚೀನರಿಗೂ ತಿಳಿದಿರಲಾರದು ಎಂಬ ಅರ್ಥದಲ್ಲಿ ಬರೆಯುತ್ತಾನೆ. ಹಿಂದಿನವರೇ ಎಲ್ಲದರಲ್ಲೂ ದೊಡ್ಡವರು, ನಾವು ಕುಸಿದವರು ಎಂದು ಕೊರಗುತ್ತಿದ್ದ ವಿದ್ವಾಂಸ ವರ್ಗದ ಒಬ್ಬನ ಬಾಯಲ್ಲಿ ಬಂದ ಮಾತಿದು. ಇಟ್ಟಿಗೆಯ ಕೆಲಸ ಅವನ ವಿಚಾರವನ್ನು ಬದಲಿಸಿತ್ತು.

ಕೆಳಗೆ ನಿಂತವರು

ಈ ಪ್ರಕರಣವನ್ನು ಕೇವಲ ಮೆಚ್ಚುಗೆಯಿಂದ ಬರೆದು ಮುಗಿಸುವುದು ನ್ಯಾಯವಲ್ಲ. ಗುಮ್ಮಟದ ಹಣ ಉಣ್ಣೆಯಿಂದ ಬಂತು. ಉಣ್ಣೆ ಹಿಂಜುತ್ತಿದ್ದ ಕೂಲಿಗಳಿಗೆ ತಮ್ಮದೇ ಸಂಘ ಕಟ್ಟುವ ಹಕ್ಕಿರಲಿಲ್ಲ. ಚೊಂಪಿಗಳೆಂದು ಕರೆಯಲಾಗುತ್ತಿದ್ದ ಅವರು 1378ರಲ್ಲಿ ದಂಗೆಯೆದ್ದು ಆ ಹಕ್ಕನ್ನು ಪಡೆದರು, ಕೆಲವೇ ವಾರಗಳಲ್ಲಿ ಅದನ್ನು ಕಳೆದುಕೊಂಡರು. ಸಾರುವೆಯ ಮೇಲೆ ದಿನವಿಡೀ ದುಡಿದ ಗಾರೆಯವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಕೆಲಸದ ವೇಳೆ ಅವರು ಕುಡಿಯುವ ದ್ರಾಕ್ಷಾರಸಕ್ಕೆ ನೀರು ಬೆರೆಸಬೇಕೆಂಬ ಆದೇಶ ಮಾತ್ರ ದಾಖಲೆಯಲ್ಲಿ ಉಳಿದಿದೆ.

ಬ್ರುನೆಲೆಸ್ಕಿಯೂ ಉದಾರಿಯಲ್ಲ. ತನ್ನ ಆವಿಷ್ಕಾರವನ್ನು ಹೆಚ್ಚು ಜನರೊಡನೆ ಹಂಚಿಕೊಳ್ಳಬೇಡವೆಂದು ಅವನು ಸಿಯೆನಾದ ಯಂತ್ರಕುಶಲಿ ಟಕ್ಕೋಲಾಗೆ ಬುದ್ಧಿ ಹೇಳಿದ್ದನ್ನು ಟಕ್ಕೋಲಾನೇ ಬರೆದಿಟ್ಟಿದ್ದಾನೆ. ಆರ್ನೊ ನದಿಯಲ್ಲಿ ಅಮೃತಶಿಲೆ ಸಾಗಿಸಲು ತಾನು ಯೋಜಿಸಿದ ದೋಣಿಯನ್ನು ಬೇರಾರೂ ನಕಲು ಮಾಡಬಾರದೆಂದು 1421ರಲ್ಲಿ ನಗರದಿಂದ ಹಕ್ಕುಪತ್ರ ಪಡೆದ. ಪೇಟೆಂಟುಗಳ ಇತಿಹಾಸ ಬರೆಯುವವರು ಅದನ್ನು ಅತಿ ಹಳೆಯವುಗಳಲ್ಲಿ ಒಂದೆಂದು ಎಣಿಸುತ್ತಾರೆ. ಆ ದೋಣಿ 1428ರಲ್ಲಿ ಅಮೃತಶಿಲೆಯ ಹೊರೆಯೊಂದಿಗೆ ನಷ್ಟವಾಯಿತು. ಮಧ್ಯಯುಗದ ಕುಶಲಕರ್ಮಿ ಕಸುಬಿನ ಗುಟ್ಟನ್ನು ಸಂಘದೊಳಗೆ ಕಾಪಾಡುತ್ತಿದ್ದ. ಇಲ್ಲಿ ಗುಟ್ಟು ಒಬ್ಬ ವ್ಯಕ್ತಿಯ ಆಸ್ತಿಯಾಗುತ್ತಿದೆ. ವ್ಯಕ್ತಿಪ್ರತಿಭೆ ಎಂಬ ವಿಚಾರದ ಎರಡು ಮುಖಗಳೂ ಇಲ್ಲಿ ಒಟ್ಟಿಗೆ ಹುಟ್ಟುವುದನ್ನು ನೋಡಬಹುದು. ಸಂಘಗಳು ಅದನ್ನು ಸುಮ್ಮನೆ ನೋಡುತ್ತ ಕೂರಲಿಲ್ಲ: 1434ರಲ್ಲಿ, ಗುಮ್ಮಟ ಇನ್ನೇನು ಕೂಡಬೇಕು ಎನ್ನುವಾಗ, ಕಟ್ಟಡ ಕೆಲಸದವರ ಸಂಘಕ್ಕೆ ಚಂದಾ ಕಟ್ಟಿಲ್ಲವೆಂದು ಅವನನ್ನು ಸೆರೆಗೆ ಹಾಕಿಸಿದರು. ಚರ್ಚಿನ ಮೇಲ್ವಿಚಾರಕರು ಮಧ್ಯೆ ಬಂದು ಕೆಲವೇ ದಿನಗಳಲ್ಲಿ ಅವನನ್ನು ಬಿಡಿಸಿಕೊಂಡರು.

1436ರ ಮಾರ್ಚ್ 25ರಂದು ಪೋಪ್ ನಾಲ್ಕನೆಯ ಯೂಜೀನಿಯಸ್ ಚರ್ಚನ್ನು ಪ್ರತಿಷ್ಠೆ ಮಾಡಿದರು. ಆ ದಿನಕ್ಕಾಗಿಯೇ ಗಿಯೋಮ್ ದುಫಾಯ್ ಸಂಗೀತ ರಚಿಸಿದ್ದ. ಗುಮ್ಮಟದ ಕೆಲಸ ಮುಗಿದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಮೇಲಿನ ಅಮೃತಶಿಲೆಯ ಶಿಖರದ ಕೆಲಸ ಶುರುವಾದ 1446ರಲ್ಲೇ ಬ್ರುನೆಲೆಸ್ಕಿ ತೀರಿಕೊಂಡ. ಅವನನ್ನು ಚರ್ಚಿನ ಒಳಗೇ ಹೂಳಲಾಯಿತು. ಮುಂದೆ ಮರೆತೇಹೋಗಿದ್ದ ಆ ಸಮಾಧಿ 1972ರಲ್ಲಿ ಅಗೆತದಲ್ಲಿ ಸಿಕ್ಕಿತು. ಅದರ ಚಪ್ಪಡಿಯ ಮೇಲೆ ಅವನನ್ನು ಮಹಾಪ್ರತಿಭೆಯ ಪುರುಷನೆಂದು ಲ್ಯಾಟಿನ್‌ನಲ್ಲಿ ಕೊರೆದಿದೆ. ಗೋಡೆಯ ಮೇಲಿನ ಸ್ಮಾರಕಲೇಖವನ್ನು ಬರೆದವನು ನಗರದ ಮಹಾಕಾರ್ಯದರ್ಶಿಯೂ ಗ್ರೀಕ್ ವಿದ್ವಾಂಸನೂ ಆಗಿದ್ದ ಕಾರ್ಲೊ ಮರ್ಸುಪ್ಪಿನಿ. ಕೈಕಸುಬಿನವನ ಮೇಲೆ ಪಂಡಿತನೊಬ್ಬ ಲ್ಯಾಟಿನ್ ಗದ್ಯ ಬರೆಯುವ ಕಾಲ ಬಂದಿತ್ತು.

ನೆಲದ ಮೇಲಿನ ಸೂರ್ಯ

ಬ್ರುನೆಲೆಸ್ಕಿಗೆ ರೇಖಾಗಣಿತ ಕಲಿಸಿದವನೆಂದು ಹೇಳಲಾಗುವ ಪಾವೊಲೊ ದಾಲ್ ಪೊಜ್ಜೊ ಟಾಸ್ಕನೆಲ್ಲಿ ವೈದ್ಯ, ಗಣಿತಜ್ಞ, ಧೂಮಕೇತುಗಳನ್ನು ರಾತ್ರಿಯಿಂದ ರಾತ್ರಿಗೆ ಗುರುತು ಹಾಕಿದ ಖಗೋಳವೀಕ್ಷಕ. ಪಶ್ಚಿಮಕ್ಕೆ ಸಾಗಿಯೂ ಪೂರ್ವವನ್ನು ಮುಟ್ಟಬಹುದೆಂದು 1474ರಲ್ಲಿ ಪೋರ್ಚುಗಲ್‌ಗೆ ಪತ್ರ ಬರೆದವನೂ ಇವನೇ. ಗೆಳೆಯ ತೀರಿಕೊಂಡ ಬಳಿಕ, ಶಿಖರ ಪೂರ್ತಿಯಾದ ಮೇಲೆ, ಇವನು ಅಲ್ಲಿ ತೂತಿದ್ದ ಒಂದು ಕಂಚಿನ ತಗಡನ್ನು ಕೂರಿಸಿದ. ನೆಲದಿಂದ ಸುಮಾರು 90 ಮೀಟರ್ ಎತ್ತರದ ಆ ತೂತಿನಿಂದ ಬಿಸಿಲು ಇಳಿದು, ಬೇಸಗೆಯ ಅಯನ ಸಂಕ್ರಾಂತಿಯ ಆಸುಪಾಸಿನ ದಿನಗಳ ನಡುಹಗಲಲ್ಲಿ ಚರ್ಚಿನ ನೆಲದ ಮೇಲೆ ಸೂರ್ಯನ ದುಂಡು ಬಿಂಬವನ್ನು ಮೂಡಿಸುತ್ತದೆ. ತೂತು ಎತ್ತರವಾದಷ್ಟೂ ಬಿಂಬದ ಚಲನೆಯನ್ನು ಸೂಕ್ಷ್ಮವಾಗಿ ಅಳೆಯಬಹುದು. ಅಷ್ಟು ಎತ್ತರದ ಉಪಕರಣ ಆ ಕಾಲದ ಯಾವ ಖಗೋಳವೀಕ್ಷಕನ ಕೈಯಲ್ಲೂ ಇರಲಿಲ್ಲ. 1755ರಲ್ಲಿ ಲಿಯೊನಾರ್ಡೊ ಶಿಮೆನೆಸ್ ಎಂಬ ಜೆಸ್ಯೂಟ್ ವಿಜ್ಞಾನಿ ಅದೇ ತಗಡನ್ನು ಸರಿಪಡಿಸಿ, ಭೂಮಿಯ ಅಕ್ಷದ ಓರೆ ಕಾಲಕ್ರಮದಲ್ಲಿ ಬದಲಾಗುತ್ತಿದೆಯೇ ಎಂಬುದನ್ನು ಅಳೆಯಲು ತೊಡಗಿದ. ಬಿಂಬ ಇಂದಿಗೂ ಪ್ರತಿ ಜೂನ್‌ನಲ್ಲಿ ಬಂದು ನೆಲದ ಮೇಲಿನ ಅಮೃತಶಿಲೆಯ ಬಿಲ್ಲೆಯನ್ನು ಕೆಲವು ನಿಮಿಷಗಳ ಕಾಲ ಮುಚ್ಚುತ್ತದೆ.